ನೀನು ಸಹಿ ಹಾಕದ ಚಿತ್ರ

ಮಾವಾ,

ಪತ್ರವನ್ನು ಹೇಗೆ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದು ನೆನಪಿದೆ. ಆದರೆ ಅಂಥ ಉದ್ದುದ್ದ ಸಂಬೋಧನೆ ಕಂಡರೆ ನೀನು ಇನ್ಯಾರಿಗೋ ಬಂದ ಪತ್ರವೆಂದು ಮಡಚಿ ಪಕ್ಕಕ್ಕಿಡುವವನು. ಅದಕ್ಕೇ ಬರೀ ಮಾವಾ. ತೀರಿಹೋದವರಿಗೆ ಪತ್ರ ಬರೆಯುವುದು ಹುಚ್ಚೆಂದು ಗೊತ್ತು. ಬದುಕಿರುವವರಿಗೆ ಹೇಳಿ ನೋಡಿದೆ, ನಂಬಲಿಲ್ಲ. ಇನ್ನು ಹೇಳಿಕೊಳ್ಳಲು ಉಳಿದವನು ನೀನೊಬ್ಬನೇ.

ನಿನ್ನ ಪುಸ್ತಕ ಬಂದಿದೆ. ವಾರಪತ್ರಿಕೆಯ ಕಥೆ, ಧಾರಾವಾಹಿಗಳಿಗೆ ನೀನು ಜೀವಮಾನವಿಡೀ ಬರೆದ ಚಿತ್ರಗಳಲ್ಲಿ ಆಯ್ದವನ್ನು ಸೇರಿಸಿ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದ್ದಾರೆ. ಎತ್ತಿದರೆ ಮಣಿಕಟ್ಟು ನೋಯುತ್ತದೆ. ಮುಖಪುಟದಲ್ಲಿ ನಿನ್ನ ಹೆಸರು, ಅದರ ಕೆಳಗೆ ಮಲಗಿರುವ ಗಂಡನ ಕಣ್ಣಿಗೆ ಹೆಂಡತಿ ಔಷಧಿಯ ಹನಿ ಹಾಕುತ್ತಿರುವ ಚಿತ್ರ. ಒಂದು ಕೈ ರೆಪ್ಪೆಯನ್ನು ಬಿಡಿಸಿ ಹಿಡಿದಿದೆ. ಇನ್ನೊಂದು ಕೈ, ಹನಿ ಬೀಳುವ ಮುಂಚೆ, ಒಂದು ಗಳಿಗೆ ತಡೆದು ನಿಂತಿದೆ. ಮುನ್ನುಡಿ ಬರೆದ ವಿಮರ್ಶಕರು ನಿನ್ನ ಚಿತ್ರಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದಿದ್ದಾರೆ. ಆ ಚಿತ್ರವನ್ನು ಬರೆದವಳು ನಾನು. ನಿನಗೆ ಗೊತ್ತಿತ್ತು, ಅತ್ತೆಗೆ ಗೊತ್ತು, ನನಗೆ ಗೊತ್ತು. ಅಷ್ಟೇ.

ಅಮ್ಮ ಕೆಲಸಕ್ಕೆ ಹೋಗುವಾಗ ನನ್ನನ್ನು ನಿನ್ನ ಕೋಣೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಇಳಿಜಾರಿನ ಆ ಮೇಜಿನ ಕೆಳಗೆ ನನ್ನ ಸಂಸಾರ. ಮೇಲಿಂದ ನಿಬ್ಬಿನ ಕರಕರ ಸದ್ದು ಕೇಳುತ್ತಿರಬೇಕು, ಇಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಉರುಳಿ ಬೀಳದಿರಲೆಂದು ನೀನು ಶಾಯಿ ಬಾಟಲಿಯನ್ನು ಕಿವಿ ಮುರಿದ ಚಹಾ ಕಪ್ಪಿನೊಳಗೆ ಇಡುತ್ತಿದ್ದೆ. ಎಷ್ಟೋ ಸಲ ಬಾಟಲಿಗೆ ಅದ್ದುವ ಕುಂಚವನ್ನು ಪಕ್ಕದ ಚಹಾಕ್ಕೆ ಅದ್ದಿ ಅತ್ತೆಯಿಂದ ಬೈಸಿಕೊಂಡಿದ್ದೀಯ. ಕೈಗೆ ಸಿಕ್ಕ ಪೆನ್ಸಿಲ್ಲುಗಳ ತುದಿಯನ್ನೆಲ್ಲ ನಾನು ಕಡಿದು ಹಾಕುತ್ತಿದ್ದುದರಿಂದ ನನಗೆ ಇಲಿ ಎಂದು ಹೆಸರಿಟ್ಟೆ. ಮನೆಯಲ್ಲಿಟ್ಟ ಹೆಸರು ಶಾಲೆಯ ಹಾಜರಿಗಷ್ಟೇ ಉಳಿಯಿತು.

ನಿನಗೆ ಕೈ ಬರೆಯಲು ಬರುತ್ತಿರಲಿಲ್ಲ ಮಾವ. ಊರಿಗೆಲ್ಲ ದೊಡ್ಡ ಕಲಾವಿದ, ಮುಖದ ಮೇಲಿನ ದುಃಖವನ್ನು ಎರಡು ಗೆರೆಯಲ್ಲಿ ತರುತ್ತಿದ್ದವನು, ಮುಂಗೈ ಬಂತೆಂದರೆ ಬೆವರುತ್ತಿದ್ದೆ. ನಿನ್ನ ಪ್ರೇಮಿಗಳು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಗೋಡೆಗೆ ಒರಗಿರುತ್ತಿದ್ದರು. ನಿನ್ನ ಡಾಕ್ಟರು ಕೋಟಿನ ಜೇಬಿನಿಂದ ಕೈ ತೆಗೆಯದೆಯೇ ರೋಗ ಪತ್ತೆ ಹಚ್ಚುತ್ತಿದ್ದ. ಕೊಲೆಗಾರನೂ ಶಾಲು ಹೊದ್ದು ಬರುತ್ತಿದ್ದ, ಚಾಕು ಎಲ್ಲಿದೆಯೆಂದು ಕೇಳಿದರೆ ಶಾಲಿನೊಳಗಿದೆ ಎನ್ನುತ್ತಿದ್ದೆ. ಇಲಿ ಎಂಬ ಸಲಿಗೆಯಿಂದ ನಾನೊಮ್ಮೆ ಕೇಳಿಯೇಬಿಟ್ಟಾಗ ನೀನು ಅಂದದ್ದು ಇದು. “ನಾನ್ ಕೈ ಬರೆದ್ರೆ ಬಾಳೆಗೊನೆ ಆಗುತ್ತೆ ಇಲಿ. ಅದಕ್ಕೇ ಎಲ್ರಿಗೂ ಒಂದೊಂದು ಜೇಬು ಹೊಲಿದು ಕೊಟ್ಬಿಡ್ತೀನಿ.”

ಓದುಗರಿಗೆ ಇದು ಗೊತ್ತಿರಲಿಲ್ಲ. ನಿನ್ನ ಜನರ ಸಂಕೋಚ ಎಷ್ಟು ಚೆಂದ, ಮನಸ್ಸಿನಲ್ಲಿ ಏನನ್ನೋ ಬಚ್ಚಿಟ್ಟುಕೊಂಡಂತೆ ನಿಲ್ಲುತ್ತಾರೆ ಎಂದು ಒಬ್ಬರು ಪತ್ರಿಕೆಗೆ ಬರೆದಿದ್ದರು. ಅದನ್ನು ಓದಿ ನೀನು ಕೆಮ್ಮು ಬರುವವರೆಗೆ ನಕ್ಕೆ. ನಾಲ್ಕು ದಿನ ಕಳೆದ ಮೇಲೆ ನಗು ನಿಂತಿತು, ನಿನಗೂ ಅದೇ ನಿಜವೆನಿಸತೊಡಗಿತು. ಕೈಲಾಗದ್ದನ್ನು ಅಷ್ಟು ವರ್ಷ ಅಷ್ಟು ಜಾಣತನದಿಂದ ಮರೆಮಾಚಿದ್ದಕ್ಕೆ ಶೈಲಿ ಎಂದು ಹೆಸರು ಬಂತು. ನಾನಾದರೋ ನಿನ್ನಿಂದ ಎಲ್ಲವನ್ನೂ ಕಲಿತೆ, ಮರೆಮಾಚುವುದನ್ನೂ ಸೇರಿಸಿ. ಕಲಾಶಾಲೆಯಲ್ಲಿ ಎದುರಿಗೆ ಕೂತ ಹೆಂಗಸು ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರೆ ನನ್ನ ಹಾಳೆಯಲ್ಲಿ ಅವಳ ಕೈಗಳು ಬೆನ್ನ ಹಿಂದೆ ಹೋಗಿದ್ದವು. ಮೇಷ್ಟ್ರು ಬಂದು ನೋಡಿ, “ಕೈ ಎಲ್ಲಿಗೆ ಕಳಿಸಿದೆಯಮ್ಮ ಇವಳದ್ದು? ಸಂತೆಗಾ?” ಎಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ.

ಆಮೇಲೆ ನಗು ಬರಲಿಲ್ಲ. ಚಿತ್ರಗಳ ಕಡತ ಕಂಕುಳಲ್ಲಿಟ್ಟುಕೊಂಡು ಕೆಲಸ ಕೇಳುತ್ತ ಹತ್ತಿದ ಕಚೇರಿ ಮೆಟ್ಟಿಲುಗಳೆಲ್ಲ ಒಂದೇ ಥರದವು, ಮೇಲೆ ಕೇಳಿಸಿದ ಮಾತೂ ಒಂದೇ. “ಚೆನ್ನಾಗಿದೆ. ಆದ್ರೆ ಇದು ನಿಮ್ಮ ಮಾವಂದು. ನಿಮ್ಮದು ಏನಿದೆ, ಅದನ್ನ ತೋರ್ಸಿ.” ನನ್ನದು ಏನಿದೆಯೆಂದು ಹುಡುಕಲು ಹೊರಟೆ. ಗೆರೆಯೇ ಬೇಡವೆಂದು ಬರೀ ಬಣ್ಣ ಮೆತ್ತಿದೆ. ಎಡಗೈಯಲ್ಲಿ ಬರೆದೆ. ಬ್ಲೇಡಿನಿಂದ ಕೆರೆದೆ. ಮುಖಗಳನ್ನು ಮೂರು ಮೂಲೆಯಾಗಿ ಮಾಡಿದರೆ, ಮೂರು ಮೂಲೆಯ ಮುಖದ ಹುಬ್ಬಿನಲ್ಲೂ ನೀನೇ ಕೂತಿದ್ದೆ. ಅಷ್ಟರಲ್ಲಿ ಹೊಟ್ಟೆಪಾಡು ಕಾಯುತ್ತದೆಯೇ? ಪಾಠಪುಸ್ತಕಕ್ಕೆ ಹೊಟ್ಟೆ ಸೀಳಿದ ಕಪ್ಪೆ ಬರೆದೆ, ಸೊಳ್ಳೆ ಬತ್ತಿಯ ಡಬ್ಬಿಗೆ ಸತ್ತ ಸೊಳ್ಳೆ ಬರೆದೆ. ಆ ಕಪ್ಪೆಯನ್ನು ನೋಡಿ ನೀನು, ಇದಕ್ಕೆ ಮಾತ್ರ ನಾಲ್ಕೂ ಕೈ ಸರಿಯಾಗಿ ಬಂದಿವೆ ಎಂದು ಬೆನ್ನು ತಟ್ಟಿದೆ. ತಮಾಷೆಗೇ ಅಂದದ್ದು. ಮನೆಗೆ ಹೋಗಿ ನಾನು ಅತ್ತುಬಿಟ್ಟೆ.

ಆಮೇಲೆ ನಿನಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಬಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ವಾರವೇ ಪತ್ರಿಕೆಯ ಕಚೇರಿಯಿಂದ ಧಾರಾವಾಹಿಯ ಮುಂದಿನ ಕಂತು ಬಂತು. ಅತ್ತೆ ಬಾಗಿಲಲ್ಲೇ ನಿಂತು, “ಸ್ವಲ್ಪ ಮೈ ಹುಷಾರಿಲ್ಲ ಅಷ್ಟೇ, ಚಿತ್ರ ಕಳಿಸ್ತಾರೆ” ಎಂದು ಕಾಗದಗಳನ್ನು ಇಸಿದುಕೊಂಡು ಒಳಗೆ ಬಂದಳು. ಅವನ್ನು ನನ್ನ ಮುಂದಿಟ್ಟಳು. “ಬರಿ ಇಲಿ. ಇವರ ಥರ ಬರೆಯೋದು ನಿನ್ನ ಬಿಟ್ರೆ ಇನ್ಯಾರಿಗೆ ಬರುತ್ತೆ? ಸಹಿ ಇವರೇ ಹಾಕ್ಲಿ. ಆಗ ಸುಳ್ಳಾಗಲ್ಲ.” ಮನೆ ನಡೆಯಬೇಕಿತ್ತು, ಔಷಧಿ ಬರಬೇಕಿತ್ತು. ನೀನು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದೆ. ಬೇಡ ಎನ್ನುವ ಕಣ್ಣಲ್ಲ ಅದು. ನಾನು ಮೇಜಿಗೆ ಹೋಗಿ ಕೂತೆ.

ಬರೆದದ್ದನ್ನು ತಂದು ಹಿಡಿದರೆ ನೀನು ಕಣ್ಣು ಕೀಲಿಸಿ ನೋಡುತ್ತಿದ್ದೆ. ಸರಿಯೆನಿಸಿದರೆ ಗಂಟಲಲ್ಲಿ ಹ್ಞೂಂ ಎನ್ನುತ್ತಿದ್ದೆ. ನಾನು ಪೆನ್ನನ್ನು ನಿನ್ನ ಎಡಗೈಗೆ ಕೊಟ್ಟು ಹಲಗೆ ಹಿಡಿದರೆ, ಮೂಲೆಯಲ್ಲಿ ಸಹಿ ಮೂಡುತ್ತಿತ್ತು, ನಡುಗುತ್ತ, ಕೆಳಕ್ಕೆ ಜಾರುತ್ತ. ಕಾಯಿಲೆಯ ಸುದ್ದಿ ಕಚೇರಿಗೆ ತಲುಪಿದಾಗ ಅತ್ತೆ ಒಂದಿಷ್ಟೂ ಅಳುಕದೆ, ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾರೆ ಎಂದುಬಿಟ್ಟಳು. ಪತ್ರಿಕೆಯವರು ಅದನ್ನೇ ಅಚ್ಚು ಹಾಕಿದರು. ಓದುಗರು ನಿನ್ನ ಛಲಕ್ಕೆ ಕೈ ಮುಗಿದರು. ನೀನು ಆ ಪುಟವನ್ನು ನೋಡಿ, ಅರ್ಧ ಮುಖದಲ್ಲಿ ನಕ್ಕಂತೆ ಮಾಡಿದೆ.

ಆ ದಿನಕ್ಕೆ ಬರುತ್ತೇನೆ. ಅಲ್ಲಿಗೆ ಬರಲು ಭಯವಾಗಿಯೇ ಇಷ್ಟು ಸುತ್ತು ಹಾಕಿದೆ.

ಆ ವಾರದ ಕಂತಿನಲ್ಲಿ ಹೆಂಡತಿ ಕಾಯಿಲೆಯ ಗಂಡನನ್ನು ನೋಡಿಕೊಳ್ಳುತ್ತಾಳೆ ಎಂದಿತ್ತು. ನೀನಾದರೆ ಹೇಗೆ ಬರೆಯುತ್ತಿದ್ದೆಯೋ ಹಾಗೆ ಅವಳ ಬೆನ್ನು ಬರೆದೆ, ಮಾಡುವ ಕೆಲಸವೆಲ್ಲ ಬೆನ್ನಿನ ಆಚೆ. ಯಾಕೋ ಮನಸ್ಸಿಗೆ ಬರಲಿಲ್ಲ. ಆ ಹೊತ್ತಿಗೆ ಅತ್ತೆ ಹನಿಯ ಬಾಟಲಿ ಹಿಡಿದು ಬಂದಳು, ನಿನ್ನ ಬಲಗಣ್ಣು ಒಣಗಿ ಉರಿಯುತ್ತಿತ್ತಲ್ಲ. ಕಿಟಕಿಯ ಬೆಳಕು ಅವಳ ಕೈ ಮೇಲೆ ಬಿತ್ತು. ಸೋಪಿನ ನೀರು ತಿಂದ ಗೆಣ್ಣುಗಳು, ಹೆಬ್ಬೆರಳಿನ ಉಗುರಿನಲ್ಲಿ ಒಂದು ಸೀಳು, ಯಾವುದಕ್ಕೂ ಸೇರದೆ ಪಕ್ಕಕ್ಕೆ ಎತ್ತಿಕೊಂಡ ಕಿರುಬೆರಳು. ಹಗಲೆಲ್ಲ ನಿನ್ನ ಮೇಲೂ ನನ್ನ ಮೇಲೂ ಪಾತ್ರೆಗಳ ಮೇಲೂ ಸಿಡುಕುವ ಹೆಂಗಸಿನ ಕೈ, ನಿನ್ನ ರೆಪ್ಪೆಯ ಹತ್ತಿರ ಬಂದಾಗ ಉಸಿರು ಹಿಡಿದಂತೆ ನಿಂತಿತು. ನಾನು ಪೆನ್ಸಿಲ್ ಮುಟ್ಟಲಿಲ್ಲ. ನೇರ ಶಾಯಿಯಲ್ಲೇ ಬರೆದೆ. ಬರೆಯುವಾಗ ನಿನ್ನ ನೆನಪು ಬರಲಿಲ್ಲ ಮಾವ. ಹುಟ್ಟಿದಾಗಿನಿಂದ ಅದೊಂದೇ ಸಲ.

ಮುಗಿಸಿ ತಂದು ಹಿಡಿದೆ. ನೀನು ನೋಡಿದೆ. ತುಂಬ ಹೊತ್ತು ನೋಡಿದೆ. ಹ್ಞೂಂ ಎನ್ನಲಿಲ್ಲ. ಕೈ ಬರೆದದ್ದು ತಪ್ಪಾಯಿತೇನೋ, ನಿನ್ನ ಥರ ಬರಲಿಲ್ಲವೇನೋ ಎಂದು ಹೆದರಿದೆ. ಪೆನ್ನು ಕೊಟ್ಟೆ. ನೀನು ಸಹಿ ಹಾಕಲಿಲ್ಲ. ಎಡಗೈಯಲ್ಲಿ ನನ್ನ ಕೈ ಹುಡುಕಿ ಹಿಡಿದೆ, ಪೆನ್ನನ್ನು ನನ್ನ ಅಂಗೈಯಲ್ಲಿಟ್ಟೆ, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದೆ. ಆಮೇಲೆ ಚಿತ್ರದ ಖಾಲಿ ಮೂಲೆಯನ್ನು ನೋಡಿದೆ, ನನ್ನನ್ನು ನೋಡಿದೆ.

ನಿನಗೆ ದಣಿವಾಗಿದೆ, ನನಗೇ ಹಾಕಿಬಿಡು ಎನ್ನುತ್ತಿದ್ದೀಯ ಎಂದುಕೊಂಡೆ. ಮೇಜಿನ ಕೆಳಗಿದ್ದ ದಿನಗಳಿಂದ ನಿನ್ನ ಸಹಿ ನನಗೆ ಬಾಯಿಪಾಠ. ಮೂಲೆಯಲ್ಲಿ ನಿನ್ನ ಹೆಸರು ಬರೆದೆ, ಎಳ್ಳಷ್ಟೂ ನಡುಗದೆ. ನಿನ್ನ ಗಂಟಲಿನಿಂದ ಏನೋ ಸದ್ದು ಬಂತು. ನೀನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ನಾನು ಚಿತ್ರವನ್ನು ಗಾಳಿಗೆ ಬೀಸಿ ಒಣಗಿಸಿ, ಕಚೇರಿ ಮುಚ್ಚುವ ಮುಂಚೆ ತಲುಪಬೇಕೆಂದು ಓಡಿದೆ. ಆ ಅವಸರವನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಅಂದಿನಿಂದ ನೀನು ಯಾವ ಚಿತ್ರಕ್ಕೂ ಸಹಿ ಹಾಕಲಿಲ್ಲ. ಪೆನ್ನು ತಂದರೆ ಮುಷ್ಟಿ ಬಿಗಿಯುತ್ತಿದ್ದೆ. ಶಕ್ತಿ ಕುಗ್ಗಿದೆ ಎಂದರು ಡಾಕ್ಟರು, ಹಟ ಎಂದಳು ಅತ್ತೆ. ಎಲ್ಲಕ್ಕೂ ನಿನ್ನ ಸಹಿಯನ್ನು ನಾನೇ ಹಾಕಿದೆ. ಕೈಗಳನ್ನು ಬರೆಯುವುದು ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಹಿಟ್ಟು ಕಲಸುವ ಕೈ, ಗುಂಡಿ ಹಾಕಲಾಗದ ಮುದುಕರ ಕೈ, ಜಗಳದಲ್ಲಿ ಮಾತಿಗಿಂತ ಮುಂಚೆ ಎದ್ದ ಕೈ. ಮುಖ ತಿರುಗಿಸಿದವರ ಕಥೆಯನ್ನೂ ನನ್ನ ಚಿತ್ರದಲ್ಲಿ ಅವರ ಕೈ ಹೇಳುತ್ತಿತ್ತು. ಓದುಗರ ಪತ್ರಗಳು ಚೀಲಗಟ್ಟಲೆ ಬಂದವು. ಎಲ್ಲವೂ ನಿನ್ನ ಹೆಸರಿಗೆ. ನಾನು ಅವನ್ನು ನಿನ್ನ ಹಾಸಿಗೆಯ ಪಕ್ಕ ಕೂತು ಓದಿ ಹೇಳುತ್ತಿದ್ದೆ, ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿದ್ದೆ ಬಂತೆಂದು ನಾನು ದನಿ ತಗ್ಗಿಸುತ್ತಿದ್ದೆ.

ನೀನು ಹೋದೆ. ಪತ್ರಿಕೆಯೂ ಮುಚ್ಚಿತು. ಇನ್ನಾದರೂ ನನ್ನದೇ ಹೆಸರಲ್ಲಿ ಬರೆಯುತ್ತೇನೆಂದು ನಾನು ಮತ್ತೆ ಕೂತೆ. ಯಾರ ಕಥೆಗೂ ಅಲ್ಲದೆ, ಯಾರ ಥರವೂ ಅಲ್ಲದೆ ಒಂದು ಕಡತ ತುಂಬುವಷ್ಟು ಬರೆದೆ. ಮೊಮ್ಮಗಳ ಉಗುರು ಕತ್ತರಿಸುವ ಅಜ್ಜ, ಬಸ್ಸಿನಲ್ಲಿ ನಿದ್ದೆ ಹೋದ ಹೆಂಗಸಿನ ತೆರೆದ ಅಂಗೈ. ಇದು ನನ್ನದು ಎಂದು ಮೊದಲ ಸಲ ಧೈರ್ಯವಾಗಿ ಅನ್ನಿಸಿತು. ಮಕ್ಕಳ ಪುಸ್ತಕ ತರುವ ದೊಡ್ಡ ಪ್ರಕಾಶನವೊಂದು ಕರೆಯಿತು. ಚಿತ್ರ ವಿಭಾಗದ ಮುಖ್ಯಸ್ಥ ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಒಳ್ಳೆಯವನೇ. ಕಡತ ತೆರೆದ, ಅವನ ಮುಖ ಅರಳಿತು, ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ನಿನ್ನ ಪುಸ್ತಕ ತಂದ. ಆಗ ತಾನೇ ಅಚ್ಚಾಗಿ ಬಂದದ್ದು, ನಾನಿನ್ನೂ ನೋಡಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, “ಇದು ನಿಮ್ಮ ಮಾವನವರ ಕೊನೆಗಾಲದ ಕೈ ಅಲ್ವಾ ಮೇಡಂ? ಈ ಹೆಬ್ಬೆರಳು ನೋಡಿ, ಅದೇ. ನಿಮ್ಮದು ಅಂತ ಏನಾದ್ರೂ ಇದ್ರೆ ತನ್ನಿ, ಖಂಡಿತ ಮಾಡೋಣ” ಎಂದ.

ಹೇಳಿಬಿಟ್ಟೆ ಮಾವ. ಲಕ್ವದಿಂದ ಹಿಡಿದು ಅತ್ತೆ ಕಟ್ಟಿದ ಎಡಗೈ ಕಥೆಯವರೆಗೆ ಎಲ್ಲವನ್ನೂ. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ನಂಬಿಕೆ ಬಾರದಿದ್ದರೆ ಈಗಲೇ ಬರೆದು ತೋರಿಸುತ್ತೇನೆಂದು ಅವನ ಮೇಜಿನ ಮೇಲಿನ ಕಾಗದ ಎಳೆದುಕೊಂಡು, ಅಲ್ಲೇ ಮೂಲೆಯಲ್ಲಿ ಫೈಲು ಹೊಲಿಯುತ್ತಿದ್ದವರ ಕೈ ಬರೆದೆ. ಚೆನ್ನಾಗಿ ಬಂತು, ನಡುಕವಿಲ್ಲದೆ ಬಂತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, “ಏನ್ ಎತ್ತಿದೀರಿ ಮೇಡಂ ಅವರ ಗೆರೆನ! ಅವರೇ ಬಂದು ಬರೆದಂಗಿದೆ” ಎಂದ. ಆಮೇಲೆ ನನಗೆ ಕುಡಿಯಲು ನೀರು ತರಿಸಿ, ಹತ್ತಿರದವರು ಹೋದಾಗ ಹೀಗೆಲ್ಲ ಅನ್ನಿಸುತ್ತದೆ ಎಂದು ಸಮಾಧಾನ ಮಾಡಿದ. ಬರೆಯಲು ಬಾರದಿದ್ದರೆ ಸುಳ್ಳುಗಾತಿ, ಬಂದರೆ ನಕಲುಗಾರ್ತಿ. ಯಾವ ಕಡೆ ತಿರುಗಿದರೂ ಗೋಡೆ.

ಮುನ್ನುಡಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ, ಒಂದು ಪ್ರತಿಯನ್ನು ಅವನು ಪಾಪವೆಂದು ಕೊಟ್ಟಿದ್ದ. ವಿಮರ್ಶಕರು ಬರೆಯುತ್ತಾರೆ, ತನ್ನ ಕೈ ಕಳೆದುಕೊಂಡ ಮೇಲೆಯೇ ಈ ಕಲಾವಿದನಿಗೆ ಕೈಯ ಬೆಲೆ ತಿಳಿಯಿತು, ಅಲ್ಲಿಯವರೆಗೆ ಜೇಬಿನಲ್ಲಿದ್ದ ಕೈಗಳೆಲ್ಲ ಆಗ ಹೊರಗೆ ಬಂದವು ಎಂದು. ಮುಖಪುಟದ ಚಿತ್ರದಲ್ಲಿ ಸಹಿ ಕೂಡ ಹಳೆಯ ಗಟ್ಟಿತನಕ್ಕೆ ಮರಳಿದೆಯಂತೆ, ಅದು ಎಡಗೈ ಪಳಗಿದ್ದರ ಗುರುತಂತೆ. ಎಷ್ಟು ಚೆಂದದ ಮಾತು ನೋಡು. ಇಷ್ಟು ಚೆಂದದ ಮಾತನ್ನು ಬಿಟ್ಟು ನನ್ನ ಸಪ್ಪೆ ನಿಜವನ್ನು ಯಾರು ನಂಬುತ್ತಾರೆ? ನಾನಾಗಿದ್ದರೂ ನಂಬುತ್ತಿರಲಿಲ್ಲ. ಕೊನೆಯಲ್ಲಿ ನನ್ನ ಬಗ್ಗೆಯೂ ಒಂದು ಸಾಲಿದೆ. ಸೋದರ ಸೊಸೆಯೂ ಚಿತ್ರ ಬರೆಯುತ್ತಾರೆ, ಮಾವನ ನೆರಳಿನಿಂದ ಇನ್ನೂ ಹೊರಬರಬೇಕಿದೆ, ಎಂದು.

ಅಲ್ಲಿಂದ ನೇರ ಅತ್ತೆಯ ಹತ್ತಿರ ಹೋದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮುಖಪುಟವನ್ನು ಬೆರಳಿನಿಂದ ಸವರಿದಳು. ಸೀಳು ಉಗುರಿನ ಮೇಲೆ ಬೆರಳು ನಿಂತಿತು. “ಇದು ನನ್ನ ಕೈ ಕಣೇ” ಎಂದು ಚಿಕ್ಕ ಹುಡುಗಿಯ ಹಾಗೆ ನಾಚಿದಳು. ಆಮೇಲೆ ಏನನ್ನೋ ನೆನಪಿಸಿಕೊಂಡಂತೆ ಹೇಳಿದಳು. “ಆವತ್ತು ನೀನು ಓಡಿಹೋದ್ಯಲ್ಲ, ಆಮೇಲೆ ಇವರದ್ದು ಒಂದೇ ಗಲಾಟೆ. ಗಾಳಿಯಲ್ಲಿ ಚೌಕ ಬರೆಯೋರು, ಅದರ ಮೂಲೇಲಿ ಬೆರಳಿಟ್ಟು ಇ... ಇ... ಅನ್ನೋರು, ಬಾಗಿಲು ತೋರ್ಸೋರು. ಇಲಿ ಅಂತ ಗೊತ್ತಾಯ್ತು. ನೀನು ಚಹಾ ಕುಡೀದೆ ಹೋದೆ ಅಂತ ಬೇಜಾರೇನೋ ಅಂದ್ಕೊಂಡೆ. ನಾಳೆ ಬರ್ತಾಳೆ ಬಿಡಿ ಅಂತ ಹೊದಿಕೆ ಸರಿ ಮಾಡಿದೆ. ಅತ್ತುಬಿಟ್ರು.”

ಆಗ ಗೊತ್ತಾಯಿತು ಮಾವ. ನಾನು ನನ್ನದೇ ಹೆಸರು ಬರೆಯಲೆಂದು ನೀನು ಪೆನ್ನು ಕೊಟ್ಟಿದ್ದೆ. ಊರಿನ ಮೆಟ್ಟಿಲನ್ನೆಲ್ಲ ಹತ್ತಿಳಿದು ನಾನು ಹುಡುಕಿದ್ದನ್ನು ನೀನು ಹಾಸಿಗೆಯಲ್ಲಿ ಮಲಗಿಕೊಂಡೇ ಗುರುತಿಸಿದ್ದೆ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ ಕೊಟ್ಟಿದ್ದೆ. ನಾನು ಅದೇ ಪೆನ್ನಿನಲ್ಲಿ ನಿನ್ನ ಹೆಸರು ಬರೆದೆ. ಚೀಲಗಟ್ಟಲೆ ಪತ್ರ ಓದುವಾಗ ನೀನು ಕಣ್ಣು ಮುಚ್ಚಿದ್ದು ನಿದ್ದೆಗಲ್ಲ.

ನಿನ್ನ ಮೇಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಎಡಗೈ ಇತ್ತಲ್ಲ, ಆ ಚಿತ್ರವನ್ನು ಹರಿದು ಹಾಕಬಾರದಿತ್ತೇ? ಶಾಯಿ ಚೆಲ್ಲಬಾರದಿತ್ತೇ? ಆಗ ಕೂಡ ಮನೆಗೆ ಔಷಧಿ ಬರಬೇಕೆಂಬ ಯೋಚನೆ ನಿನಗೂ ಬಂದಿರಬೇಕು. ಬಂದಿದ್ದರೆ ತಪ್ಪೂ ಅಲ್ಲ. ಬಾಯಿಲ್ಲದವನನ್ನು ಬೈಯುತ್ತಿದ್ದೇನೆ, ಬೈಸಿಕೋ. ಬೈಯುವುದಕ್ಕಾದರೂ ನಾನು ಯಾರನ್ನೂ ನಕಲು ಮಾಡಬೇಕಾಗಿಲ್ಲ.

“ನಾನೇ ಬಂದು ಹೇಳ್ತೀನಿ, ನಡಿ” ಎಂದು ಅತ್ತೆ ಎದ್ದಳು. ಏಳುವಾಗ ಪುಸ್ತಕವನ್ನು ಕಪಾಟಿನಲ್ಲಿ ಮುಖ ಈಚೆಗೆ ಮಾಡಿ ನಿಲ್ಲಿಸಿದಳು, ಬಂದವರಿಗೆಲ್ಲ ಬಾಗಿಲಿನಿಂದಲೇ ಕಾಣುವ ಹಾಗೆ. ನಿಲ್ಲಿಸಿದ್ದು ಸಾಲದೆ ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಇನ್ನಷ್ಟು ನೇರ ಮಾಡಿದಳು. ಬೇಡ ಅತ್ತೆ, ಅವರು ನಂಬುವುದಿಲ್ಲ ಎಂದೆ. ನಂಬಿದರೆ ಅವಳಿಗೆ ಏನು ಉಳಿಯುತ್ತದೆ ಎನ್ನುವುದನ್ನು ಹೇಳಲಿಲ್ಲ. ಚಹಾ ಕುಡಿದು ಬಂದೆ.

ಈಗ ನನಗೆ ಕೆಲಸ ಸಿಕ್ಕಿದೆ. ಯಂತ್ರಗಳ ಜೊತೆ ಡಬ್ಬಿಯಲ್ಲಿ ಒಂದು ಹಾಳೆ ಬರುತ್ತದಲ್ಲ, ಈ ಗುಂಡಿ ಒತ್ತಿ, ಈ ತಿರುಪು ಬಿಗಿಯಿರಿ ಎಂದು ತೋರಿಸುವುದು, ಅದಕ್ಕೆ ಚಿತ್ರ ಬರೆಯಬೇಕು. ಬರೀ ಕೈಗಳು ಮಾವ. ನಿನಗೆ ನಗು ಬರುತ್ತದೆ. ಮೊದಲ ದಿನ ನಾನು ಬರೆದ ಕೈಯನ್ನು ಮೇಲಿನವರು ವಾಪಸು ಮಾಡಿದರು. “ಇದು ಯಾರದ್ದೋ ಕೈ ಥರ ಇದೆ. ಯಾರ ಕೈಯೂ ಅನ್ನಿಸಬಾರ್ದು, ಹಂಗೆ ಬರೀರಿ” ಎಂದರು. ಈಗ ಹಾಗೇ ಬರೆಯುತ್ತೇನೆ. ಗೆಣ್ಣು ಇಲ್ಲ, ಉಗುರಿಲ್ಲ, ವಯಸ್ಸಿಲ್ಲ. ಬೇಗ ರೂಢಿಯಾಯಿತು. ತಿಂಗಳಿಗೆ ಸರಿಯಾಗಿ ಸಂಬಳ ಕೊಡುತ್ತಾರೆ, ಕುರ್ಚಿಯೂ ಚೆನ್ನಾಗಿದೆ. ಅಲ್ಲಿ ಚಿತ್ರದ ಮೂಲೆಯಲ್ಲಿ ಸಹಿ ಹಾಕುವ ಪದ್ಧತಿ ಇಲ್ಲ.

ಮನೆಗೆ ಬಂದು ನನ್ನದೇ ಆದದ್ದೊಂದನ್ನು ಬರೆಯಬೇಕೆಂದು ಕೂರುತ್ತೇನೆ. ಕೈ ಬರೆದರೆ ಅದು ನಿನ್ನದು. ಕೈ ಮರೆಮಾಚಿದರೆ ಅದೂ ನಿನ್ನದು. ಹಾಳೆ ಮಡಚಿಡುತ್ತೇನೆ.

ಇಷ್ಟೇ ಮಾವ, ಇನ್ನು ಹೇಳುವುದಿಲ್ಲ. ಕೆಳಗೆ ಒಂದು ಗೀಚು ಕಂಡರೆ ತಪ್ಪು ತಿಳಿಯಬೇಡ. ಹೆಸರು ಬರೆಯಲು ಹೋದಾಗ ರೂಢಿಯಂತೆ ನಿನ್ನ ಸಹಿಯೇ ಬಂದುಬಿಟ್ಟಿತು, ಅದನ್ನು ಹೊಡೆದು ಹಾಕಿದ್ದೇನೆ. ನೀನು ಇರುವ ಕಡೆ ನಿನ್ನ ಬಲಗೈ ಮತ್ತೆ ನಿನ್ನ ಮಾತು ಕೇಳುತ್ತಿರಲಿ. ಅಲ್ಲಿರುವ ಜನಕ್ಕೆಲ್ಲ ನೀನು ಸಾಕಷ್ಟು ಜೇಬು ಹೊಲಿದು ಕೊಡು. ಅಂದು ನೀನು ಬರೆಯೆಂದದ್ದನ್ನು ಇಂದು ಬರೆಯುತ್ತಿದ್ದೇನೆ, ಯಾವ ಚಿತ್ರವೂ ಇಲ್ಲದ ಹಾಳೆಯ ಮೂಲೆಯಲ್ಲಿ.

ಇಲಿ